ತೊಟ್ಟಿಲ ಕೂಸಿಗೆ ಹೆಸರು ಹುಡುಕುತ್ತ

ನಮ್ಮ ಅಕ್ಕನ ಮೊಮ್ಮಗಳಿಗೆ ಐದನೆಯ ತಿಂಗಳು ನಡೆಯುವವರೆಗೂ ಹೆಸರೆಂಬುದು ಇರಲಿಲ್ಲ. ಕೂಸು ಹುಟ್ಟಿದ್ದು ನಾರಾಯಣಖೇಡದ ತವರುಮನೆಯಲ್ಲಿ; ತಂದೆಯ ಮನೆ ಜಹೀರಾಬಾದಿನಲ್ಲಿ; ಹೆಸರಿಡುವ ಹಕ್ಕುಳ್ಳ ಸೋದರತ್ತೆಯನ್ನು ಕೊಟ್ಟಿರುವುದು ತಾಂಡೂರಿಗೆ. ಒಂದು ಊರಿನಿಂದ ಹೊರಟ ಹೆಸರು ಮರುದಿನ ಇನ್ನೊಂದು ಊರಿನಲ್ಲಿ ಬಿದ್ದುಹೋಗುತ್ತಿತ್ತು. ಅಷ್ಟು ದಿನವೂ ಕೂಸು ಮನೆಯವರ ಬಾಯಲ್ಲಿ ‘ಚಿನ್ನಿ’ಯಾಗಿ, ಆಸ್ಪತ್ರೆಯ ಕಾಗದದಲ್ಲಿ ಬರಿಯ ‘ಹೆಣ್ಣು ಮಗು’ವಾಗಿ ಉಳಿದಿತ್ತು.

ನಾಲ್ಕು ಕನ್ನಡ ಪುಸ್ತಕ ಓದಿದವನೆಂಬ ಕಾರಣಕ್ಕೆ ಈ ಕೆಲಸ ಕೊನೆಗೆ ನನ್ನ ಕೊರಳಿಗೆ ಬಿತ್ತು. ಬಾಣಂತಿಯಾಗಿದ್ದ ಸೋದರಸೊಸೆ ತನ್ನ ಬಯಕೆಯನ್ನು ಒಂದೇ ಮಾತಿನಲ್ಲಿ ಹೇಳಿದಳು: “ಮಾಮಾ, ಯಾರಿಗೂ ಇರಬಾರ್ದು. ಆದ್ರ ‘ಇದೇನ್ ಹೆಸರವಾ’ ಅಂತ ಯಾರೂ ಕೇಳಬಾರ್ದು. ಅಂಥಾದ್ದೊಂದು ಹುಡುಕ್ರಿ.” ಕೇಳಿದೊಡನೆ ಇದು ಒಗಟಿನಂತೆ ತೋರಿತು. ಆದರೆ ಅವಳ ಮಾತಿಗೆ ಕಾರಣವಿತ್ತು. ಅವಳು ಓದುವಾಗ ಒಂದೇ ತರಗತಿಯಲ್ಲಿ ಒಂದೇ ಹೆಸರಿನ ನಾಲ್ವರು ಹುಡುಗಿಯರಿದ್ದರು. ಮಾಸ್ತರರು ತಂದೆಯ ಹೆಸರಿನ ಮೊದಲಕ್ಷರ ಹಿಡಿದು ಅವರನ್ನು ಕರೆಯುತ್ತಿದ್ದರು. “ನನ್ನ ಹೆಸರು ನನಗೊಬ್ಬಾಕಿಗೇ ಅಂತ ಎಂದೂ ಆಗಲಿಲ್ರಿ” ಎಂದು ಅವಳು ನಗುತ್ತಲೇ ಹೇಳಿದಳಾದರೂ ಆ ನಗೆಯಲ್ಲಿ ಹಳೆಯದೊಂದು ಬೇಸರ ಇದ್ದೇ ಇತ್ತು.

ನಮ್ಮ ಸೀಮೆಯಲ್ಲಿ ಹೆಸರುಗಳಿಗೆ ಬರವಿಲ್ಲ. ಇರುವ ಕೆಲವನ್ನೇ ಎಲ್ಲರೂ ಹಂಚಿಕೊಂಡಿದ್ದೇವೆ, ಅಷ್ಟೆ. ಝರಾಸಂಗಮದ ಸಂಗಮೇಶ್ವರನಿಗೆ ಹರಕೆ ಹೊತ್ತ ಮನೆಗಳಲ್ಲಿ ಸಂಗಪ್ಪ, ಸಂಗಮ್ಮ, ಸಂಗಶೆಟ್ಟಿ. ಬಸವಣ್ಣನವರ ಭಕ್ತರಲ್ಲಿ ಬಸಪ್ಪ, ಬಸಮ್ಮ. ಭಾವಿಗಿ ಭದ್ರೇಶ್ವರನ ಜಾತ್ರೆ ನಡೆಯುವ ತಾಂಡೂರಿನಲ್ಲಿ ಭದ್ರಪ್ಪ, ಭದ್ರಮ್ಮ. ನರಸಿಂಹನಿಗೆ ನಡೆದುಕೊಳ್ಳುವವರಲ್ಲಿ ನರಸಪ್ಪ, ನರಸಮ್ಮ. ಜಹೀರಾಬಾದಿನ ಬಳಿಯ ಮಾಚನೂರಿನಲ್ಲಿ 2008ರ ಅಕ್ಟೋಬರ್ 15ರಂದು ‘ಸಂಘಂ ರೇಡಿಯೋ’ ಆರಂಭವಾದುದು ಓದುಗರಲ್ಲಿ ಅನೇಕರಿಗೆ ನೆನಪಿರಬಹುದು. ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು ಕಟ್ಟಿದ ಆ ಬಾನುಲಿಯನ್ನು ನಡೆಸಿ ಹೆಸರಾದ ಇಬ್ಬರು ಹೆಣ್ಣುಮಕ್ಕಳೂ ನರಸಮ್ಮನವರೇ. ಗುರುತು ತಪ್ಪಬಾರದೆಂದು ಒಬ್ಬರು ‘ಜನರಲ್’ ನರಸಮ್ಮ ಆದರು, ಇನ್ನೊಬ್ಬರು ತಮ್ಮ ಊರಿನ ಹೆಸರು ಸೇರಿ ಅಲ್ಗೋಲ್ ನರಸಮ್ಮ ಆದರು. ಹೆಸರು ಒಂದೇ ಆದಾಗ ಊರೋ ಕೆಲಸವೋ ಬಂದು ಅದಕ್ಕೆ ಹೆಗಲು ಕೊಡುವುದು ನಮ್ಮ ಕಡೆಯ ವಾಡಿಕೆ.

ಈ ವಾಡಿಕೆ ಇಂದಿನದಲ್ಲ. ಜಹೀರಾಬಾದಿನಿಂದ ಸೊಲ್ಲಾಪುರದ ಹೆದ್ದಾರಿ ಹಿಡಿದು ಹುಮನಾಬಾದ್ ದಾಟಿ ಹೋದರೆ ಬಸವಕಲ್ಯಾಣ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಬೆಳಗಿದ ಶರಣೆಯರಲ್ಲಿಯೂ ಇದೇ ತೊಡಕು, ಇದೇ ಪರಿಹಾರ. ಒಬ್ಬಳು ಉಡುತಡಿಯ ಅಕ್ಕಮಹಾದೇವಿಯಾದರೆ, ಮೋಳಿಗೆ ಮಾರಯ್ಯನ ಪತ್ನಿ ಮೋಳಿಗೆ ಮಹಾದೇವಿ. ನೂಲುವ ಕದಿರಿನ ಕಾಯಕದವಳು ಕದಿರ ರೆಮ್ಮವ್ವೆ. ಕನ್ನಡಿಯ ಕಾಯಕದವಳು ಇನ್ನೊಬ್ಬ ರೇಮಮ್ಮ. ಲಕ್ಕಮ್ಮನಿಗಂತೂ ಆಯ್ದ ಅಕ್ಕಿಯೇ ಹೆಸರಿನ ಮುಂಭಾಗವಾಯಿತು. ಮಾಚನೂರಿನ ಇಬ್ಬರು ನರಸಮ್ಮನವರನ್ನು ಕಂಡರೆ ಕಲ್ಯಾಣದವರು ತಮ್ಮವರೆಂದೇ ಕರೆದಾರು.

ಹೆಸರು ಹುಡುಕಲು ನಾನು ಮೊದಲು ಹೋದದ್ದೂ ಕಲ್ಯಾಣಕ್ಕೇ. ಮೂವತ್ತಕ್ಕಿಂತ ಹೆಚ್ಚು ವಚನಕಾರ್ತಿಯರ ಹೆಸರುಗಳು ನಮಗೆ ಉಳಿದುಬಂದಿವೆ. ಅವುಗಳಲ್ಲಿ ನಮ್ಮ ಮನೆಗಳಲ್ಲಿ ತಿರುಗಾಡುತ್ತಿರುವುದು ನಾಲ್ಕೈದು ಮಾತ್ರ. ಸತ್ಯಕ್ಕ, ಬೊಂತಾದೇವಿ, ಗೊಗ್ಗವ್ವೆ, ದುಗ್ಗಳೆ, ಮುಕ್ತಾಯಕ್ಕ ಇವರೆಲ್ಲ ಪುಸ್ತಕದಲ್ಲಿಯೇ ಕುಳಿತಿದ್ದಾರೆ. ದೇವರ ದಾಸಿಮಯ್ಯನ ಸತಿಯಾದ ದುಗ್ಗಳೆಯ ಹೆಸರನ್ನು ನಾನು ಬಹಳ ಮೆಚ್ಚುತ್ತೇನೆ. ಆದರೆ ನಾಲ್ಕು ವರ್ಷದ ಹುಡುಗಿಯೊಬ್ಬಳು ಆ ಹೆಸರು ಹೊತ್ತು ಇಂದಿನ ಶಾಲೆಯ ಅಂಗಳಕ್ಕೆ ಹೋಗುವುದನ್ನು ನೆನೆದು ಧೈರ್ಯ ಸಾಲಲಿಲ್ಲ. ಮುಕ್ತಾ ಎಂಬುದು ಹಾಗಲ್ಲ. ಅಜಗಣ್ಣನ ತಂಗಿ ಮುಕ್ತಾಯಕ್ಕನೂ ಹೌದು, ಮರಾಠಿಯವರ ಜ್ಞಾನೇಶ್ವರರ ತಂಗಿ ಮುಕ್ತಾಬಾಯಿಯೂ ಹೌದು. ಎರಡು ಗಡಿಗಳ ಆಚೀಚೆ ಸಲ್ಲುವ ಹೆಸರು. ಅದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡೆ.

ಇಷ್ಟೇಕೆ ತಿಣುಕಬೇಕು, ಸುಲಭವಾದುದನ್ನು ಇಟ್ಟುಬಿಡಬಾರದೇ ಎಂದು ಕೇಳುವವರಿದ್ದಾರೆ. ನಮ್ಮ ಮನೆಗಳಿಗಿರುವ ತೊಡಕು ಬೀದರಿನವರಿಗಾಗಲಿ ಕಲಬುರಗಿಯವರಿಗಾಗಲಿ ಇಲ್ಲ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವನ್ನು ಹಂಚಿದಾಗ ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕು, ನಿರ್ಣಾ ಸರ್ಕಲ್ ಒಂದನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲೂಕು, ಬೀದರ ತಾಲೂಕಿನದೇ ಆದ ನ್ಯಾಲ್ಕಲ್ ಸರ್ಕಲ್, ಗುಲಬರ್ಗಾ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. 2014ರಿಂದ ಅವು ತೆಲಂಗಾಣ. ಹೊಲ, ಬೀಗತನ, ಮನೆದೇವರು ಎರಡೂ ಕಡೆ ಉಳಿದರೂ ಮಕ್ಕಳ ಓದು ಒಂದೇ ಕಡೆಗೆ ತಿರುಗಿತು. ಈ ಕೂಸಿಗೆ ಅಡುಗೆಮನೆಯಲ್ಲಿ ಕನ್ನಡ ಸಿಗುತ್ತದೆ, ಪೇಟೆಯಲ್ಲಿ ತೆಲುಗು, ಉರ್ದು ಸಿಗುತ್ತವೆ. ಅವಳನ್ನು ಸೇರಿಸಬೇಕೆಂದಿರುವ ಶಾಲೆಯಲ್ಲಿ ಕನ್ನಡದ ಒಂದಕ್ಷರವನ್ನೂ ಕಲಿಸುವುದಿಲ್ಲ. ಅಲ್ಲಿ ದಿನಕ್ಕೊಮ್ಮೆ, ಹಾಜರಿ ಕೂಗುವಾಗ, ಅವಳ ಕಿವಿಗೆ ಬೀಳಬಹುದಾದ ಕನ್ನಡದ ಮಾತೆಂದರೆ ಅವಳ ಹೆಸರೊಂದೇ. ಅದನ್ನೂ ಎಲ್ಲಿಂದಲೋ ಆಯ್ದು ತಂದ, ‘ನ್ವಿ’ ಎಂದೋ ‘ಶಿಕಾ’ ಎಂದೋ ಮುಗಿಯುವ, ನಿಘಂಟಿನಲ್ಲಿ ಬೆರಳಿಟ್ಟು ತೋರಿಸಲಾಗದ ಹೆಸರಿಗೆ ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ. ಅಂತಹ ಹೆಸರು ಕಿವಿಗೆ ಇಂಪಾಗಿರಬಹುದು. ಆದರೆ ಅಂಗಡಿಯವನು ಹೇಳಿದ ಅರ್ಥವನ್ನೇ ನಂಬಿ ಬಟ್ಟೆ ಕೊಂಡ ಹಾಗೆ, ಮನೆಗೆ ತಂದ ಮೇಲೆ ಅದರ ಬಣ್ಣ ನಿಲ್ಲುವುದೋ ಇಲ್ಲವೋ ತಿಳಿಯದು.

ಹಾಗೆಂದು ಕನ್ನಡದ ಯಾವ ಹೆಸರಾದರೂ ಸಲ್ಲುವುದೆಂದಲ್ಲ. ನಮ್ಮ ಅಜ್ಜಿಯ ಹೆಸರು ಕಾಳವ್ವ. 1948ರವರೆಗೆ ನಿಜಾಮರ ರಾಜ್ಯದಲ್ಲಿ ಆಡಳಿತದ ಭಾಷೆ ಉರ್ದು; ಉರ್ದುವಿನಲ್ಲಿ ‘ಳ’ ಎಂಬ ಅಕ್ಷರವಿಲ್ಲ. ಹೀಗಾಗಿ ಮನೆಯ ಹಳೆಯ ಕಾಗದಗಳಲ್ಲಿ ಅಜ್ಜಿ ‘ಕಾಲವ್ವ’. ಮುಂದೆ ಇಂಗ್ಲಿಷಿನಲ್ಲಿ ಬರೆದಾಗ ಅದೇ ಹೆಸರನ್ನು ‘ಕಲವ್ವ’ ಎಂದೂ ಓದಿದರು. ಒಬ್ಬ ಮುದುಕಿಗೆ ಮೂರು ಹೆಸರುಗಳಾಗಿ, ಮೂವರೂ ಒಬ್ಬಳೇ ಎಂದು ಸಾಧಿಸಲು ನಮ್ಮ ತಂದೆ ಬಹಳ ಓಡಾಡಬೇಕಾಯಿತು. ತೆಲುಗಿನಿಂದ ಆ ಭಯವಿಲ್ಲ. ಎರಡೂ ಲಿಪಿಗಳು ಒಂದೇ ಮೂಲದಿಂದ ಬೆಳೆದ ಅಕ್ಕತಂಗಿಯರು. ಅಲ್ಲಿಯೂ ‘ಳ’ ಇದೆ, ಅಲ್ಲಿಯೂ ಎ, ಏ ಬೇರೆ ಬೇರೆ. ತೆಲಂಗಾಣದ ಹಳ್ಳಿಗಳಲ್ಲಿ ತಾಯಿಯನ್ನು ‘ಅವ್ವ’ ಎಂದೇ ಕರೆಯುವುದರಿಂದ ಗಂಗವ್ವ, ಮಲ್ಲವ್ವ, ರಾಜವ್ವ ಎಂಬ ಹೆಸರುಗಳು ಅವರಿಗೂ ನಮಗೂ ಸಮಾನ. ತೊಡಕು ಬರುವುದು ಇಂಗ್ಲಿಷಿನಲ್ಲಿ. ನಾಗಚಂದ್ರನೊಡನೆ ಸಮಸ್ಯೆ ಬಿಡಿಸಿದಳೆಂದು ಪ್ರತೀತಿಯಿರುವ ಕವಯಿತ್ರಿ ಕಂತಿಯ ಹೆಸರನ್ನು ನಾನು ಆರಿಸಿ, ಇಂಗ್ಲಿಷಿನಲ್ಲಿ ಬರೆದು, ಪಕ್ಕದ ಮನೆಯ ಹುಡುಗನಿಗೆ ಓದಲು ಕೊಟ್ಟೆ. ಅವನು ಒಂದು ಕ್ಷಣವೂ ತಡೆಯದೆ ‘ಕಾಂತಿ’ ಎಂದ. ಅಲ್ಲಿಗೆ ಕಂತಿಯ ಕಥೆ ಮುಗಿಯಿತು.

ಆ ಮೇಲೆ ಪ್ರತಿ ಹೆಸರಿಗೂ ಈ ಪರೀಕ್ಷೆಯನ್ನೇ ಇಟ್ಟುಕೊಂಡೆ. ಕನ್ನಡ, ತೆಲುಗು, ಉರ್ದು, ಇಂಗ್ಲಿಷು ನಾಲ್ಕರಲ್ಲಿಯೂ ಬರೆಯುವುದು, ಬೇರೆಯವರಿಂದ ಓದಿಸುವುದು, ಬಳಿಕ ಪಡಸಾಲೆಯಲ್ಲಿ ನಿಂತು, ಬೀದಿಯಲ್ಲಿ ಆಡುವ ಮಗುವನ್ನು ಊಟಕ್ಕೆ ಕರೆಯುವಂತೆ ಗಟ್ಟಿಯಾಗಿ ಕೂಗುವುದು. ಈ ಕೊನೆಯ ಪರೀಕ್ಷೆಯಲ್ಲಿ ದೊಡ್ಡ ದೊಡ್ಡ ರಾಣಿಯರೇ ಬಿದ್ದುಹೋದರು. ತಾಂಡೂರಿನ ಕಾಗಿಣಾ ಹೊಳೆ ಕೆಳಗೆ ಮಳಖೇಡಕ್ಕೆ ಹರಿಯುತ್ತದೆ. ಆ ಮಳಖೇಡದ ರಾಷ್ಟ್ರಕೂಟರ ಮನೆಮಗಳು, ಗಂಗರ ಬೂತುಗನ ಕೈಹಿಡಿದವಳು ರೇವಕನಿಮ್ಮಡಿ. ಓದಲು ಎಷ್ಟು ಚೆಂದ! ಕೂಗಿದರೆ ನಡುವೆಯೇ ಉಸಿರು ನಿಲ್ಲುತ್ತದೆ. ಮೊಟಕು ಮಾಡಿ ‘ರೇವಕ’ ಎನ್ನಬಹುದೆಂದು ಕೂಸಿನ ತಂದೆ ಸೂಚಿಸಿದ. ಅದು ಕೆಟ್ಟದ್ದೇನಲ್ಲ, ಇಂದಿಗೂ ಆ ಹೆಸರನ್ನು ಯಾರಾದರೂ ಇಟ್ಟರೆ ನನಗೆ ಸಂತೋಷವೇ.

ಅತ್ತಿಮಬ್ಬೆಯನ್ನು ಬಿಡುವುದು ಇನ್ನೂ ಕಷ್ಟವಾಯಿತು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳು, ರನ್ನನಿಂದ 993ರಲ್ಲಿ ಅಜಿತಪುರಾಣ ಬರೆಸಿದವಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದವಳು ಎಂಬುದು ಎಲ್ಲರಿಗೂ ಗೊತ್ತು. ಆದರೆ ಅವಳ ತಂದೆ ಮಲ್ಲಪಯ್ಯನ ಮನೆತನ ವೆಂಗಿನಾಡಿನದು, ಎಂದರೆ ತೆಲುಗು ನೆಲದ್ದು, ಎಂಬುದನ್ನು ನಮ್ಮಲ್ಲಿ ನೆನೆಯುವವರು ಕಡಿಮೆ. ತೆಲುಗು ನಾಡಿನಲ್ಲಿ ಬೇರೂರಿದ ಮನೆಯೊಂದು ಸಾವಿರ ವರ್ಷದ ಹಿಂದೆ ಕನ್ನಡದ ಕವಿಯನ್ನು ಸಾಕಿತು, ಮಗಳಿಗೆ ಇಂತಹ ಹೆಸರಿಟ್ಟಿತು ಎಂದು ನಾನು ಹುರುಪಿನಿಂದ ವಿವರಿಸಿದೆ. ಅಕ್ಕ ಎಲ್ಲವನ್ನೂ ಕೇಳಿ, “ಮೊದಲಿಗೇ ಅತ್ತಿ ಅಂತ ಬರ್ತದಲ್ಲೋ ತಮ್ಮಾ, ಕೂಸನ್ನ ಎಲ್ಲರೂ ಅತ್ತಿ ಅತ್ತಿ ಅಂತಾರ” ಎಂದಳು. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಅತ್ತೆ ಅತ್ತೆಯೇ. ಮರುಮಾತು ತೋಚಲಿಲ್ಲ.

ಮಧುರವಾದ ಹೆಸರುಗಳ ಬಗೆಗೆ ಒಂದು ಎಚ್ಚರಿಕೆಯನ್ನೂ ಇಲ್ಲಿ ಹೇಳಬೇಕು. ಕೂಸಿನ ಚಿಕ್ಕಪ್ಪ, ಕಾಲೇಜು ಓದಿದವನು, ‘ಅಮೃತಮತಿ’ ಎಂಬ ಹೆಸರು ತಂದ. ಅಕ್ಷರ ಅಕ್ಷರವೂ ಜೇನು. ಜನ್ನನ ಯಶೋಧರ ಚರಿತೆಯನ್ನು ಓದಿದವರಿಗೆ ಮಾತ್ರ ಅದರ ಕಹಿ ಗೊತ್ತು. ಮಾವುತನ ಹಾಡಿಗೆ ಮನಸೋತು ಗಂಡನಿಗೆ ವಿಷವಿಕ್ಕಿದ ರಾಣಿ ಅವಳು. ಹೆಸರು ಹಳೆಯದೆಂದ ಮಾತ್ರಕ್ಕೆ ಸಾಲದು. ಅದನ್ನು ಹಿಂದೆ ಹೊತ್ತವಳು ಯಾರೆಂದು ಒಮ್ಮೆ ವಿಚಾರಿಸಬೇಕು. ಅದೇ ಪ್ರಾಸದ ಚಂದ್ರಮತಿ, ರಾಘವಾಂಕನ ಹರಿಶ್ಚಂದ್ರನ ಸತಿ, ಎಷ್ಟು ಬೇರೆ! ನಮ್ಮ ಹೊಳೆಯ ಹೆಸರಾದ ಮಂಜೀರವೂ ಈ ನಡುವೆ ಬಂದುಹೋಯಿತು. ಸಂಸ್ಕೃತದಲ್ಲಿ ಮಂಜೀರವೆಂದರೆ ಕಾಲಂದುಗೆ. ಬೀದರಿನಿಂದ ನಾರಾಯಣಖೇಡದ ಕಡೆಗೆ ಬರುವ ನೀರಿನ ಹೆಸರು. ನಾಲ್ಕು ಲಿಪಿಗಳಲ್ಲಿಯೂ ಅದು ಗೆದ್ದಿತು. ಕೂಗಿದರೂ ಚೆನ್ನಾಗಿತ್ತು.

ಅಷ್ಟರಲ್ಲಿ ಜಹೀರಾಬಾದಿನ ಮನೆಯವರು ಪಂಚಾಂಗದವರನ್ನು ಕೇಳಿ ಬಂದರು: ಪುನರ್ವಸು ನಕ್ಷತ್ರ, ಮೊದಲನೆಯ ಪಾದ, ಹೆಸರು ‘ಕೆ’ಯಿಂದಲೇ ಆರಂಭವಾಗಬೇಕು. ಮುಕ್ತಾ, ಮಂಜೀರ, ರೇವಕ ಎಲ್ಲರೂ ಒಂದೇ ಏಟಿಗೆ ಹೊರಬಿದ್ದರು. ಇದರಲ್ಲಿ ನನಗೆ ಹೆಚ್ಚು ನಂಬಿಕೆಯಿಲ್ಲ. ಆದರೂ ನಮ್ಮದು ಪುಣ್ಯವೆನ್ನಬೇಕು. ಆರಿದ್ರೆಯ ಮೂರನೆಯ ಪಾದದಲ್ಲಿ ಹುಟ್ಟಿದ್ದರೆ ಸಿಗುತ್ತಿದ್ದ ಅಕ್ಷರ ‘ಙ’; ಆ ಅಕ್ಷರದಿಂದ ಹೆಸರು ಕಟ್ಟಬಲ್ಲ ಪಂಡಿತ ಇನ್ನೂ ಹುಟ್ಟಿಲ್ಲ.

‘ಕೆ’ ಹಿಡಿದು ಹುಡುಕಿದಾಗ ಇಬ್ಬರು ಕಂಡರು. ಒಬ್ಬಳು ಕೇತಲದೇವಿ, ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನ ರಾಣಿ. ಈಗಿನ ವಿಜಯಪುರ ಜಿಲ್ಲೆಯ ಹೊನವಾಡ, ಅಂದಿನ ಪೊನ್ನವಾಡ ಅಗ್ರಹಾರವನ್ನು ತಾನೇ ಆಳುತ್ತಿದ್ದಳೆಂದು 1054ರ ಶಾಸನ ಹೇಳುತ್ತದೆ. ಇನ್ನೊಂದು ಹೆಸರು ಕೇತಕಿ. ಸೊಸೆ ಕೇತಕಿ ಎಂಬುದನ್ನು ಎರಡು ಸಲ ಮೆಲ್ಲಗೆ ಅಂದುಕೊಂಡಳು, ಮೂರನೆಯ ಸಲ ಕೂಸಿನ ಮುಖ ನೋಡಿ ಅಂದಳು. ಆಯ್ಕೆ ಅಲ್ಲಿಯೇ ಮುಗಿದಂತಾಯಿತು. ಸಂಸ್ಕೃತದ ಕೇತಕಿಯೇ ಕನ್ನಡದಲ್ಲಿ ತದ್ಭವವಾಗಿ ಕೇದಗೆ. ತ ಎಂಬುದು ದ ಆಗಿ, ಕ ಎಂಬುದು ಗ ಆಗಿ ನಮ್ಮ ನಾಲಿಗೆಗೆ ಒಗ್ಗಿತು. ನಮ್ಮ ಹೆಣ್ಣುಮಕ್ಕಳ ಜಡೆಯಲ್ಲಿ ಹೂವಾಗಿಯೂ ಚಿನ್ನದ ಒಡವೆಯಾಗಿಯೂ ಬಾಳಿದ್ದು ಅದೇ. ಶಾಲೆಯಲ್ಲಿ ಕೇತಕಿ, ಮನೆಯಲ್ಲಿ ಕೇದಗಿ. ಮರಾಠಿ ಮನೆಗಳಲ್ಲಿ ಆ ಹೆಸರಿನವರು ಇದ್ದಾರೆ. ನಮ್ಮ ಮೂರು ಊರುಗಳ ಬಂಧುಬಳಗದಲ್ಲಿ ಒಬ್ಬಳೂ ಇಲ್ಲ. ಒಗಟು ಬಿಡಿಸಿತೆಂದು ನಾನು ಹಿಗ್ಗಿದೆ.

ಹಿಗ್ಗು ಮೂರೇ ದಿನ. ತಾಂಡೂರಿನಿಂದ ಸೋದರತ್ತೆ ಫೋನು ಮಾಡಿದಳು. ಅವಳ ಅತ್ತೆಯವರು, ವಯಸ್ಸಾದವರು, ಪುರಾಣ ಕೇಳಿದವರು, ಹೆಸರು ಕೇಳಿದೊಡನೆ ಬೇಡವೆಂದಿದ್ದರು. “ಶಿವಗ ಸುಳ್ಳು ಸಾಕ್ಷಿ ಹೇಳಿ ಶಾಪ ತಗೊಂಡ ಹೂವು. ಪೂಜಿಗೇ ಒಲ್ಲದ್ದು ಹೆಣ್ಣು ಕೂಸಿಗ ಇಡೂದಾ?” ಸೋದರತ್ತೆಯ ದನಿಯಲ್ಲಿ ಅಳು ಇತ್ತು. ಅತ್ತೆಯವರ ಮನಸ್ಸು ನೋಯಿಸಿ ತಾನು ಕೂಸಿನ ಕಿವಿಯಲ್ಲಿ ಆ ಹೆಸರು ಹೇಳಲಾರೆನೆಂದಳು. ತೊಟ್ಟಿಲ ಶಾಸ್ತ್ರದಲ್ಲಿ ಅವಳಿಲ್ಲದೆ ನಡೆಯದು; ಅವಳನ್ನು ಬಿಟ್ಟು ನಡೆಸಿದರೆ ಎರಡು ಮನೆಗಳು ಮುರಿಯುತ್ತವೆ. ಅವರ ಮಾತನ್ನು ಮೂಢನಂಬಿಕೆಯೆಂದು ತಳ್ಳುವುದೂ ಸರಿಯಲ್ಲ. ಅಮೃತಮತಿಯನ್ನು ನಾನು ಬೇಡವೆಂದದ್ದೂ ಕಥೆಯ ಕಾರಣಕ್ಕೇ ಅಲ್ಲವೇ?

ಬ್ರಹ್ಮ ಮತ್ತು ವಿಷ್ಣು ಬೆಂಕಿಯ ಕಂಬದ ತುದಿಮೊದಲು ಹುಡುಕಲು ಹೋದ ಕಥೆ ಎಲ್ಲರಿಗೂ ಗೊತ್ತು. ಬ್ರಹ್ಮನು ತುದಿ ಕಂಡೆನೆಂದು ಹೇಳಿದ ಸುಳ್ಳಿಗೆ ಕೇತಕಿ ಸಾಕ್ಷಿಯಾಯಿತು. ಶಿವನು ಅದನ್ನು ತನ್ನ ಪೂಜೆಯಿಂದ ಹೊರಗಿಟ್ಟನು. ನಾನು ಶಿವಪುರಾಣದ ವಿದ್ಯೇಶ್ವರ ಸಂಹಿತೆಯನ್ನು ತೆರೆದು ನೋಡಿದೆ. ಕಥೆ ಶಾಪದಲ್ಲಿ ನಿಲ್ಲುವುದಿಲ್ಲ. ಹೂವು ಬೇಡಿಕೊಂಡಾಗ ಶಿವನು ಕರಗಿ, ನಾನು ಧರಿಸಲಾರೆ, ಆದರೆ ನನ್ನವರು ನಿನ್ನನ್ನು ಧರಿಸುವರು, ನನ್ನ ಮೇಲ್ಕಟ್ಟಿನಲ್ಲಿ ನೀನಿರುವೆ ಎಂಬ ಅರ್ಥದಲ್ಲಿ ವರ ಕೊಡುತ್ತಾನೆ. ಶಾಪವನ್ನು ನೆನಪಿಟ್ಟ ನಾವು ವರವನ್ನು ಮರೆತಿದ್ದೇವೆ.

ಆದರೆ ಪುಸ್ತಕದ ಮಾತಿನಿಂದ ಹಿರಿಯರ ಮನಸ್ಸು ತಿರುಗುವುದುಂಟೇ? ತಿರುಗಿಸಿದವಳು ಕೂಸಿನ ತಂದೆಯ ಅಜ್ಜಿ. ಎಂಬತ್ತು ದಾಟಿದ ಆಕೆಯನ್ನು ಮನೆಯವರೆಲ್ಲ ಆಯಿ ಎನ್ನುತ್ತಾರೆ. ಇಷ್ಟು ದಿನ ಒಂದು ಮಾತೂ ಆಡದೆ ಕುಳಿತಿದ್ದ ಆಯಿ, “ನಾ ಸಣ್ಣಾಕಿ ಇದ್ದಾಗಿಂದ ಝರಾಸಂಗಮಕ್ಕ ಹೋಗ್ತೀನಿ. ಅಲ್ಲಿ ದೇವರ ಹೆಸರೇ ಕೇತಕಿ ಸಂಗಮನಾಥ. ದೇವರು ತನ್ನ ಹೆಸರಿನ ಮುಂದ ಇಟ್ಕೊಂಡಿದ್ದು ನಮ್ಮ ಕೂಸಿಗ ಯಾಕ ಬ್ಯಾಡ? ತಾಂಡೂರಿನವರಿಗ ಕರಕೊಂಡ್ ಬರ್ರಿ” ಎಂದಳು.

ಶ್ರಾವಣದ ಒಂದು ಸೋಮವಾರ ಎರಡೂ ಮನೆಯವರು ಝರಾಸಂಗಮದಲ್ಲಿ ಕೂಡಿದೆವು. ಜಹೀರಾಬಾದಿನಿಂದ ಅದು ದೂರವೇನಲ್ಲ. ಕುಪೇಂದ್ರನೆಂಬ ಅರಸನ ಚರ್ಮರೋಗ ಅಲ್ಲಿಯ ನೀರಿನಿಂದ ಗುಣವಾಯಿತೆಂದು ಸ್ಥಳಪುರಾಣ. ಕನ್ನಡ, ತೆಲುಗು, ಮರಾಠಿ ಮೂರೂ ಮಾತಿನ ಜನ ಕುಂಡದಲ್ಲಿ ಮಿಂದು ಸಾಲಿನಲ್ಲಿ ನಿಲ್ಲುತ್ತಾರೆ. ಬೇರೆಡೆ ಶಿವನಿಗೆ ಸಲ್ಲದ ಕೇತಕಿ ಅಲ್ಲಿ ಸಲ್ಲುತ್ತದೆ. ತಾಂಡೂರಿನ ಹಿರಿಯರು ಗರ್ಭಗುಡಿಯ ಮುಂದೆ ಬಹಳ ಹೊತ್ತು ನಿಂತರು. ಏನೂ ಹೇಳಲಿಲ್ಲ. ಹೊರಗೆ ಬಂದ ಮೇಲೆ ಒಂದು ಕೇದಗೆಯ ಗರಿಯನ್ನು ಮುಳ್ಳು ತೆಗೆದು ಮಡಚಿ ನಮ್ಮ ಸೊಸೆಯ ಜಡೆಯಲ್ಲಿ ಸಿಕ್ಕಿಸಿದರು. ಆಯಿ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು.

ಮುಂದಿನ ವಾರವೇ ತೊಟ್ಟಿಲು ಕಟ್ಟಿದರು. ಗುಂಡಪ್ಪನನ್ನು ತೊಟ್ಟಿಲ ಕೆಳಗೂ ಮೇಲೂ ದಾಟಿಸಿದ್ದಾಯಿತು. ಸೋದರತ್ತೆ ಬಾಗಿ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳುವಾಗ ಅವಳ ಬೆನ್ನ ಮೇಲೆ ಬಿದ್ದ ಗುದ್ದುಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದುದು ಅವಳ ಅತ್ತೆಯವರದೇ ಎಂದು ಹೆಂಗಸರು ಹೇಳುತ್ತಾರೆ.

ಉಳಿದದ್ದು ಸರಕಾರದ ದಾಖಲೆ. ಈ ವಿಷಯದಲ್ಲಿ ಅನೇಕ ಮನೆಗಳವರು ಅನಾವಶ್ಯಕವಾಗಿ ಅವಸರಪಟ್ಟು, ಆಸ್ಪತ್ರೆ ಬಿಡುವ ದಿನ ಬಾಯಿಗೆ ಬಂದ ಹೆಸರು ಬರೆಸಿಬಿಡುತ್ತಾರೆ. 1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ 21 ದಿನಗಳೊಳಗೆ ತಿಳಿಸಬೇಕಾದುದು ಜನನವನ್ನು, ಹೆಸರನ್ನಲ್ಲ. ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಅದು ತಪ್ಪಿದರೆ ಶುಲ್ಕ ಕೊಟ್ಟು 15 ವರ್ಷಗಳವರೆಗೂ ಸೇರಿಸಬಹುದು. ಆದರೆ ಕೂಸು ಹುಟ್ಟಿದ ಊರಿನ ಕಚೇರಿಗೇ ಹೋಗಬೇಕು. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲೆಗೆ ಸೇರುವುದರಿಂದ ಹಿಡಿದು ಹಲವು ಕೆಲಸಗಳಿಗೆ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಈ ಪ್ರಮಾಣಪತ್ರವೇ ಆಧಾರವಾದುದರಿಂದ ಅಕ್ಷರಗಳನ್ನು ನೋಡಿ ಬರೆಸುವುದು ಒಳ್ಳೆಯದು. ಇಂಗ್ಲಿಷಿನ ಕಾಗುಣಿತವನ್ನು ಮನೆಯಲ್ಲಿಯೇ ನಿಶ್ಚಯಿಸಿಕೊಂಡು ಹೋಗಿ; ಅಲ್ಲಿ ನಿಂತು ಯೋಚಿಸಬೇಡಿ.

ನಾರಾಯಣಖೇಡದ ಕಚೇರಿಗೆ ನಾನೇ ಹೋದೆ. ಹೆಸರನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದ ಚೀಟಿ ಕೊಟ್ಟೆ. ಅಲ್ಲಿದ್ದ ಗುಮಾಸ್ತರು ಇಂಗ್ಲಿಷನ್ನು ಬಿಟ್ಟು ಕನ್ನಡದ ಅಕ್ಷರಗಳನ್ನೇ ಬೆರಳಿಟ್ಟು ಓದಿದರು. ತೆಲುಗು ಬಲ್ಲವರಿಗೆ ಅದೇನೂ ಕಷ್ಟವಲ್ಲ. “ಕೇತಕಿ? ಮನ ಮೊಗಲಿ ಪುವ್ವೇನಾ?” ಎಂದು ತಲೆಯೆತ್ತಿ ಕೇಳಿದರು. ಹೌದು, ನಮ್ಮ ಕೇದಗೆ ಹೂವೇ ಎಂದೆ. ಅವರು ನಕ್ಕು ತೆಲುಗಿನಲ್ಲಿ ಮೂರಕ್ಷರ ಬರೆದರು.